ಆಟದ ಸಾಮಾನು ನೆಲದ ಮೇಲೆ, ಅಜ್ಜಿ ಸೋಫಾ ಮೇಲೆ: ಒಂದು ಮನೆಯ ಪ್ರಕರಣ

"ಮನೆ ತುಂಬ ಆಟದ ಸಾಮಾನಿದೆ. ಒಂದನ್ನೂ ಐದು ನಿಮಿಷ ಹಿಡ್ಕೊಂಡು ಕೂರಲ್ಲ. ಬೆಳಗ್ಗೆ ಎದ್ದಾಗಿಂದ ಫೋನ್ ಫೋನ್ ಅಂತಾಳೆ."

ತಾಯಿಯ ದೂರು ಇಷ್ಟೇ. ಮಗುವಿಗೆ ಎರಡು ವರ್ಷ ಏಳು ತಿಂಗಳು. ಪುಟ್ಟ ಮಕ್ಕಳ ಆಟ, ಮಾತು, ಬೆಳವಣಿಗೆ ನೋಡುವುದು ನನ್ನ ಕೆಲಸ, ಹಾಗಾಗಿ ಈ ದೂರು ನನಗೆ ಹೊಸದಲ್ಲ. ಈ ಮನೆಯದ್ದನ್ನೇ ಪೂರ್ತಿ ಬರೆಯಲು ಒಂದು ಕಾರಣವಿದೆ. ಸಾಮಾನು ಜಾಸ್ತಿಯಾಗಿದೆ, ಫೋನ್ ಚಟ ಹತ್ತಿದೆ ಅಂತ ಎಲ್ಲರೂ ಹೇಳುತ್ತಿದ್ದರು. ಎರಡೂ ನಿಜವೇ. ಆದರೆ ತೊಂದರೆಯ ಬುಡ ಅಜ್ಜಿಯ ಮಂಡಿಯಲ್ಲಿತ್ತು. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ, ಗುರುತು ಸಿಗುವ ವಿವರ ಬಿಟ್ಟಿದ್ದೇನೆ. ಮಗುವನ್ನು ಪುಟ್ಟಿ ಅಂತ ಕರೆಯೋಣ.

ಮೊದಲು ನೋಡಬೇಕಾದ್ದನ್ನು ಮೊದಲು ನೋಡಿದೆವು. ಮಕ್ಕಳ ಡಾಕ್ಟರ್ ಪರೀಕ್ಷೆ ಮಾಡಿದ್ದರು. ತೂಕ ಸರಿಯಿದೆ, ಕಿವಿ ಸರಿಯಿದೆ. ಹೆಸರು ಕರೆದರೆ ತಿರುಗುತ್ತಾಳೆ. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾಳೆ. "ಅಜ್ಜಿ ಇಲ್ಲಿ ಬಾ" ಅಂತ ಪದ ಕೂಡಿಸಿ ಮಾತಾಡುತ್ತಾಳೆ. ಮಾತು ತಡವಾಗಿದ್ದರೆ, ಕಣ್ಣಲ್ಲಿ ಕಣ್ಣಿಟ್ಟು ನೋಡದಿದ್ದರೆ ನಮ್ಮ ದಾರಿಯೇ ಬೇರೆ ಆಗುತ್ತಿತ್ತು. ಇಲ್ಲಿ ಹಾಗೇನೂ ಇರಲಿಲ್ಲ.

ತಾಯಿ ಎಲ್ಲೋ ಓದಿಕೊಂಡಿದ್ದರು, ಸಾಮಾನು ಕಮ್ಮಿ ಇದ್ದರೆ ಮಕ್ಕಳು ಚೆನ್ನಾಗಿ ಆಡುತ್ತವೆ ಅಂತ. "ಎಲ್ಲಾ ಮೂಟೆ ಕಟ್ಟಿ ಯಾರಿಗಾದ್ರೂ ಕೊಟ್ಬಿಡ್ಲಾ?" ಅಂತ ಕೇಳಿದರು. ತಂದೆಯದ್ದು ಉಲ್ಟಾ. ಇರೋದು ಬೋರಾಗಿದೆ, ಬುದ್ಧಿ ಚುರುಕಾಗುವಂಥದ್ದು ತಂದರೆ ಸರಿಹೋಗುತ್ತೆ ಅಂತ ಅವರ ಲೆಕ್ಕ. ಅಜ್ಜಿಯನ್ನು ಯಾರೂ ಏನೂ ಕೇಳಿರಲಿಲ್ಲ. ದಿನವಿಡೀ ಮಗುವಿನ ಜೊತೆ ಇರುವವರು ಅವರೊಬ್ಬರೇ.

ಮನೆ ಮತ್ತು ದಿನಚರಿ

ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ಮನೆ. ಒಂದು ರೂಮಿನಲ್ಲಿ ಮಂಚ, ಪಕ್ಕದಲ್ಲೇ ತಾಯಿಯ ಕೆಲಸದ ಮೇಜು. ವಾರದಲ್ಲಿ ಹೆಚ್ಚು ದಿನ ಅವರಿಗೆ ಮನೆಯಿಂದಲೇ ಕೆಲಸ. ಇನ್ನೊಂದು ಚಿಕ್ಕ ರೂಮನ್ನು ಪುಟ್ಟಿಯ ಆಟಕ್ಕೇ ಬಿಟ್ಟಿದ್ದರು. ನೆಲಕ್ಕೆ ಅಕ್ಷರ ಬರೆದ ಫೋಮ್ ಮ್ಯಾಟ್, ಗೋಡೆಗೆ ಬಣ್ಣದ ಶೆಲ್ಫು, ಮೂಲೆಯಲ್ಲಿ ಬಟ್ಟೆಯ ಟೆಂಟು. ನೋಡಲು ಚೆಂದವಾಗಿತ್ತು, ಸುಳ್ಳೇಕೆ ಹೇಳಲಿ. ತಂದೆ ಬೆಳಗ್ಗೆ ಆಫೀಸಿಗೆ ಹೋದರೆ ಮನೆ ಸೇರುವುದು ರಾತ್ರಿ ಎಂಟೂವರೆಗೆ.

ಅಜ್ಜಿ ತಂದೆಯ ತಾಯಿ, ಹಾಸನದ ಕಡೆಯವರು. ಮಗುವಿಗೆ ಒಂದು ವರ್ಷವಾದಾಗ ನೋಡಿಕೊಳ್ಳಲೆಂದೇ ಬಂದವರು. ಹಾಲ್‌ನಲ್ಲಿರುವ ದಿವಾನೇ ಅವರ ಹಾಸಿಗೆ. ಎರಡೂ ಮಂಡಿ ಸವೆದಿದೆ. ನೆಲದ ಮೇಲೆ ಕೂರಬೇಡಿ, ಕುಕ್ಕರಗಾಲಲ್ಲಿ ಕೂರಲೇಬೇಡಿ ಅಂತ ಡಾಕ್ಟರ್ ಹೇಳಿದ್ದಾರೆ. ಕೂತರೆ ಏಳಲು ಗೋಡೆಯೋ ಕುರ್ಚಿಯೋ ಆಸರೆ ಬೇಕು.

ಬೆಳಗ್ಗೆ ಹತ್ತಕ್ಕೆ ತಾಯಿ ಲ್ಯಾಪ್‌ಟಾಪ್ ಮುಂದೆ ಕೂತರೆ ಒಂದಾದ ಮೇಲೊಂದು ಕಾಲ್. ಅಜ್ಜಿ ಅಡುಗೆಮನೆಯಲ್ಲಿ. ಹನ್ನೊಂದೂವರೆ ಹೊತ್ತಿಗೆ ಅಡುಗೆ ಮುಗಿಸಿ ಸೋಫಾದಲ್ಲಿ ಕೂರುತ್ತಾರೆ. ಅಲ್ಲಿಂದ ಊಟದವರೆಗೆ ಫೋನು, ಊಟದ ಹೊತ್ತಲ್ಲೂ ಫೋನು, ಮಧ್ಯಾಹ್ನದ ನಿದ್ದೆ ಆದ ಮೇಲೆ ಟಿವಿ, ರಾತ್ರಿ ಊಟಕ್ಕೆ ಮತ್ತೆ ಫೋನು. ಒಟ್ಟು ಹಾಕಿದರೆ ದಿನಕ್ಕೆ ಮೂರು ಗಂಟೆ ದಾಟುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯ ಪ್ರಕಾರ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಅದಕ್ಕಿಂತ ಕಮ್ಮಿಯಾದರೆ ಇನ್ನೂ ಒಳ್ಳೇದು. ತಾಯಿಗೂ ಇದು ಗೊತ್ತಿತ್ತು. ಗೊತ್ತಿದ್ದೇ ಕೊರಗುತ್ತಿದ್ದರು.

ಸುಮ್ನೆ ಕೂತು ನೋಡಿದ್ದು

ಬೆಳಗಿನ ಹೊತ್ತು ಹಾಲ್‌ನ ಮೂಲೆಯಲ್ಲಿ ಕೂತು, ಏನೂ ಹೇಳದೆ ನೋಡುತ್ತಾ ಹೋದೆ.

ಪುಟ್ಟಿ ಆಟದ ರೂಮಿಗೆ ಹೋದಳು. ಒಂದು ಡಬ್ಬ ಎಳೆದು ಬೋರಲು ಹಾಕಿದಳು. ಅದರಿಂದ ಒಂದು ಪ್ಲಾಸ್ಟಿಕ್ ಸೌಟು ಹಿಡಿದು ನೇರ ಅಡುಗೆಮನೆಗೆ ಬಂದಳು. "ಅಜ್ಜಿ, ನೋಡು." ಅಜ್ಜಿ ಒಗ್ಗರಣೆ ಹಾಕುತ್ತಿದ್ದರು. "ಎಣ್ಣೆ ಸಿಡಿಯುತ್ತೆ ಕಂದ, ರೂಮಲ್ಲಿ ಆಡ್ಕೋ ಹೋಗು." ಹೋದಳು. ಬರಿಗೈಲಿ ಮತ್ತೆ ಬಂದಳು. ಈ ಸಲ ಅಮ್ಮನ ರೂಮಿನ ಬಾಗಿಲು ತಟ್ಟಿದಳು. ಒಳಗಿಂದ ಮೆಲ್ಲಗೆ "ಅಮ್ಮ ಕಾಲ್‌ನಲ್ಲಿದ್ದೀನಿ ಬಂಗಾರ." ಮತ್ತೆ ರೂಮು, ಇನ್ನೊಂದು ಡಬ್ಬ ಬೋರಲು.

ಇದನ್ನೇ ಮನೆಯವರು "ಒಂದರಲ್ಲೂ ನಿಲ್ಲಲ್ಲ" ಅನ್ನುತ್ತಿದ್ದದ್ದು. ನನಗೆ ಕಂಡದ್ದು ಬೇರೆ. ಅವಳು ಪ್ರತಿ ಸಲವೂ ಸಾಮಾನು ಹಿಡಿದು ಮನುಷ್ಯರನ್ನು ಹುಡುಕಿಕೊಂಡು ಬರುತ್ತಿದ್ದಳು. ಎರಡೂವರೆ ವರ್ಷದ ಮಗು ದೊಡ್ಡವರ ಕಣ್ಣಳತೆಯಲ್ಲೇ ಆಡುವುದು. ಯಾರೂ ಇಲ್ಲದ ರೂಮಿನಲ್ಲಿ ಎಷ್ಟೇ ಚೆಂದದ ಟೆಂಟಿದ್ದರೂ ಅದಕ್ಕೆ ಏನು ಕೆಲಸ?

ಹನ್ನೊಂದೂವರೆಯ ನಂತರದ್ದು ಇನ್ನೂ ಮುಖ್ಯ. ಅಜ್ಜಿ ಸೋಫಾದಲ್ಲಿ ಕೂತರು. ಪುಟ್ಟಿ ಖುಷಿಯಿಂದ ಮರದ ಬ್ಲಾಕ್‌ಗಳನ್ನು ತಂದು ಅವರ ಮಡಿಲಿಗೆ ಸುರಿದಳು. ಅಜ್ಜಿ ಎರಡು ಬ್ಲಾಕ್ ಒಂದರ ಮೇಲೊಂದು ಇಟ್ಟರು. ಮಡಿಲಲ್ಲಿ ನಿಲ್ಲುತ್ತಾ? ಜಾರಿ ನೆಲಕ್ಕೆ ಬಿತ್ತು, ಒಂದು ಸೋಫಾದ ಅಡಿಗೆ ಹೋಯಿತು. ಪುಟ್ಟಿ ಕೈ ಹಾಕಿದಳು, ಸಿಗಲಿಲ್ಲ. ಅಜ್ಜಿಗೆ ಬಗ್ಗಲು ಆಗಲ್ಲ. ಮಗು ರಾಗ ಎಳೆಯಿತು. ಅಜ್ಜಿ ಗಾಬರಿಯಿಂದ ಸೊಸೆಯ ರೂಮಿನ ಕಡೆ ನೋಡಿದರು. ರಾಗ ಅಳುವಾಯಿತು. "ಅಳ್ಬೇಡ ಕಂದ, ಅಮ್ಮಂಗೆ ಆಫೀಸ್‌ನೋರು ಬೈತಾರೆ, ಬಾ ಬಾ." ದಿಂಬಿನ ಪಕ್ಕದಿಂದ ಫೋನು ಹೊರಗೆ ಬಂತು. ಪುಟ್ಟಿ ಹತ್ತಿ ಅಜ್ಜಿಯ ತೋಳಿಗೆ ಒರಗಿ ಕೂತಳು. ಅಳು ಬಂದ್.

ಆ ಮನೆಯಲ್ಲಿ ಅಜ್ಜಿ ಕೂತ ಎತ್ತರದಲ್ಲಿ, ಅಜ್ಜಿಯ ಮೈಗೆ ಒರಗಿಕೊಂಡು, ಇಬ್ಬರೂ ಸೇರಿ ನೋಡಬಹುದಾದ ವಸ್ತು ಫೋನ್ ಒಂದೇ. ಅದು ಉರುಳಿ ಹೋಗಲ್ಲ, ಬಗ್ಗಿ ಹೆಕ್ಕಬೇಕಾಗಿಲ್ಲ. ಉಳಿದ ಆಟವೆಲ್ಲಾ ನೆಲದ ಮೇಲೆ, ಅಜ್ಜಿ ಮಾತ್ರ ಸೋಫಾ ಮೇಲೆ. ಇದನ್ನು ಫೋನ್ ಚಟ ಅಂತ ಕರೆಯಲು ನಾನು ಒಪ್ಪಲಿಲ್ಲ. ಮಗುವಿಗೆ ಮಡಿಲು ಬೇಕಿತ್ತು. ಮಡಿಲ ಜೊತೆಗೇ ಫೋನು ಬರುತ್ತಿತ್ತು.

ಹಾಗಾದರೆ ಸಾಮಾನು ಕಮ್ಮಿ ಮಾಡೋದು ಬೇಡವಾ?

ಬೇಕು. ತಾಯಿ ಓದಿದ್ದು ಗಾಳಿಮಾತಲ್ಲ. ಅಮೆರಿಕದ ಓಹಾಯೋದಲ್ಲಿರುವ ಟೊಲೀಡೊ ವಿಶ್ವವಿದ್ಯಾಲಯದವರು 36 ಪುಟ್ಟ ಮಕ್ಕಳನ್ನು ಒಮ್ಮೆ ನಾಲ್ಕು ಆಟಿಕೆಗಳ ಜೊತೆ, ಇನ್ನೊಮ್ಮೆ ಹದಿನಾರರ ಜೊತೆ ಆಡಲು ಬಿಟ್ಟು ನೋಡಿದರು. 2018ರಲ್ಲಿ ಅದು ಪ್ರಕಟವಾಯಿತು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದನ್ನೂ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದವು. ಆದರೆ ಅದು ಪ್ರಯೋಗಕ್ಕಾಗಿ ಸಿದ್ಧ ಮಾಡಿದ ಕೋಣೆ. ಅಲ್ಲಿ ಕುಕ್ಕರ್ ಕೂಗಲ್ಲ, ಬಾಗಿಲ ಹಿಂದೆ ಅಮ್ಮನ ದನಿ ಕೇಳಲ್ಲ. ಇಲ್ಲಿ ಶೆಲ್ಫಿನಲ್ಲಿ ನಾಲ್ಕೇ ಇಟ್ಟಿದ್ದರೂ ಪುಟ್ಟಿ ಅದರಲ್ಲೊಂದನ್ನು ಹಿಡಿದು ಅಡುಗೆಮನೆಗೇ ಬರುತ್ತಿದ್ದಳು.

ತಂದೆಯ ಬುದ್ಧಿ ಚುರುಕು ಮಾಡುವ ಸಾಮಾನಿನ ಬಗ್ಗೆಯೂ ಒಂದು ಮಾತು. ಮನೆಯಲ್ಲಿ ಆಗಲೇ ಬಟನ್ ಒತ್ತಿದರೆ ಇಂಗ್ಲಿಷ್ ಅಕ್ಷರ ಹೇಳುವ ಪುಟಾಣಿ ಲ್ಯಾಪ್‌ಟಾಪ್ ಇತ್ತು, ಹಾಡುವ ಪ್ಲಾಸ್ಟಿಕ್ ಫೋನಿತ್ತು. ಅವು ಶುರುವಾದರೆ ಅಜ್ಜಿ ಬಾಯಿ ಮುಚ್ಚುತ್ತಿದ್ದರು. ಅದು ಹಾಡುವ ಇಂಗ್ಲಿಷ್ ಹಾಡು ಅವರಿಗೆ ಬರಲ್ಲ, ನಡುವೆ ಮಾತಾಡಲು ಜಾಗವೂ ಇಲ್ಲ. ಅರಿಜೋನಾದಲ್ಲಿ 26 ತಾಯ್ತಂದೆಯರು ತಮ್ಮ ಕೂಸುಗಳ ಜೊತೆ ಆಡುವುದನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ನೋಡಿದ ಅಧ್ಯಯನವೊಂದಿದೆ, 2016ರದು. ಬ್ಯಾಟರಿ ಆಟಿಕೆ ಕೈಯಲ್ಲಿದ್ದಾಗ ದೊಡ್ಡವರ ಮಾತು ಕಮ್ಮಿಯಾಗಿತ್ತು. ಪುಸ್ತಕ ಇದ್ದಾಗ, ಸಾದಾ ಆಟಿಕೆ ಇದ್ದಾಗ ಜಾಸ್ತಿ. ಅಲ್ಲಿಯ ಕೂಸುಗಳು ಪುಟ್ಟಿಗಿಂತ ಚಿಕ್ಕವು, ಹತ್ತರಿಂದ ಹದಿನಾರು ತಿಂಗಳಿನವು. ಆದರೂ ಈ ಮನೆಯಲ್ಲಿ ನಡೆಯುತ್ತಿದ್ದದ್ದು ಅದೇ.

ಆಟ ಮೇಲೆ ಬಂತು

ಮೊದಲ ಕೆಲಸ, ಅಜ್ಜಿ ಕೂರುವ ಎತ್ತರಕ್ಕೆ ಆಟವನ್ನು ತರುವುದು. ಹಾಲ್‌ನ ದಿವಾನು ಪುಟ್ಟಿಯ ಎದೆಮಟ್ಟಕ್ಕಿಂತ ಸ್ವಲ್ಪ ಕೆಳಗೆ ಬರುತ್ತದೆ, ನಿಂತು ಆಡಲು ಹೇಳಿ ಮಾಡಿಸಿದ ಹಾಗೆ. ಬೆಳಗ್ಗೆ ಹಾಸಿಗೆ ಸುತ್ತಿಟ್ಟರೆ ಅದೇ ಮೇಜು. ಪಕ್ಕಕ್ಕೆ ಕೈ ಇರುವ ಒಂದು ಕುರ್ಚಿ, ಅಜ್ಜಿಗೆ. ಸಾಮಾನು ಉರುಳದ ಹಾಗೆ ಏನಾದರೂ ಬೇಕಲ್ಲ ಅಂತ ಯೋಚಿಸುವಾಗ ಅಜ್ಜಿ ಒಳಗೆ ಹೋಗಿ ಮೊರ ತಂದರು. ಮೂರು ಕಡೆ ಅಂಚು, ಮುಂದೆ ಖಾಲಿ. ಬ್ಲಾಕ್ ಅದರೊಳಗೇ ನಿಲ್ಲುತ್ತದೆ.

ಕುರ್ಚಿ ಮತ್ತು ದಿವಾನಿನ ನಡುವೆ ಸಂದಿ ಉಳಿಯಿತು. ಬಿದ್ದರೆ ಅಲ್ಲೇ ಬೀಳೋದು. ಅದಕ್ಕೂ ಅಜ್ಜಿಯದೇ ಉಪಾಯ. ಹಳೇ ಹತ್ತಿ ಸೀರೆಯನ್ನು ಮಡಚಿ, ಒಂದು ತುದಿಯನ್ನು ಕುರ್ಚಿಯ ಕೈಗೆ ಕಟ್ಟಿ, ಇನ್ನೊಂದು ತುದಿಯನ್ನು ದಿವಾನಿನ ಹಾಸಿನ ಅಡಿಗೆ ಸಿಕ್ಕಿಸಿದರು. ಬಿದ್ದದ್ದೆಲ್ಲಾ ಸೀರೆಯ ಮೇಲೆ. ಕೈ ಚಾಚಿದರೆ ಸಿಗುತ್ತದೆ, ಬಗ್ಗುವ ಮಾತಿಲ್ಲ. ಆಮೇಲಾಮೇಲೆ ಬೇಕಂತಲೇ ಸೀರೆಗೆ ಬೀಳಿಸಿ "ಬಿತ್ತು!" ಅಂತ ಕೂಗೋದೇ ಪುಟ್ಟಿಗೆ ಒಂದು ಆಟವಾಯಿತು. ಇಂಥ ಉಪಾಯ ನನ್ನ ಓದಿನಲ್ಲಿ ಎಲ್ಲೂ ಸಿಕ್ಕಿರಲಿಲ್ಲ.

ಆಟದ ರೂಮಿನ ಬಾಗಿಲು ಹಗಲು ಹಾಕಿಡುವುದು ಅಂತಾಯಿತು. ಹಾಲ್‌ಗೆ ಒಂದೇ ಬುಟ್ಟಿ. ಬ್ಲಾಕು, ಒಂದು ಬಟ್ಟೆ ಗೊಂಬೆ, ಚನ್ನಪಟ್ಟಣದ ಮರದ ಬಿಲ್ಲೆ ಪೇರಿಸುವ ಗೋಪುರ, ದಪ್ಪ ರಟ್ಟಿನ ಚಿತ್ರದ ಪುಸ್ತಕ, ಒಂದು ಗಾಡಿ. ಉಳಿದದ್ದು ಅಟ್ಟಕ್ಕೆ. ಬೇಜಾರು ಬಂದಾಗ ಒಂದನ್ನು ಇಳಿಸಿ ಒಂದನ್ನು ಹತ್ತಿಸುವುದು.

ವಿಂಗಡಿಸುವಾಗ ಸಿಕ್ಕಿದ್ದು

ಅಟ್ಟಕ್ಕೆ ಹಾಕುವ ಮುಂಚೆ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿದೆವು. ಹಾಡುವ ಪ್ಲಾಸ್ಟಿಕ್ ಫೋನಿನ ಹಿಂಬದಿಯ ಮುಚ್ಚಳದ ಸ್ಕ್ರೂ ಎಲ್ಲೋ ಬಿದ್ದುಹೋಗಿತ್ತು. ಉಗುರಿನಲ್ಲಿ ಎತ್ತಿದರೆ ಒಳಗೆ ಬಟನ್ ಸೆಲ್, ಅಂಗಿ ಗುಂಡಿಯಂಥ ಪುಟ್ಟ ಬ್ಯಾಟರಿ. ಬೇರೆ ಮಾತು ಬಿಟ್ಟು ಇದನ್ನಂತೂ ಎಲ್ಲರೂ ಕೇಳಲಿ: ಬಟನ್ ಸೆಲ್ ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಆಗಬಹುದು. ನುಂಗಿರಬಹುದು ಅಂತ ಅನುಮಾನ ಬಂದರೂ ಸಾಕು, ಕಾದು ನೋಡೋದು ಬೇಡ, ನೇರ ಆಸ್ಪತ್ರೆಗೆ. ತಂದೆ ಆ ಫೋನನ್ನು ಅಲ್ಲೇ ಕಸಕ್ಕೆ ಎಸೆಯಲು ಹೋದರು. ಸೆಲ್ ತೆಗೆದು, ಎರಡು ಕಡೆಯೂ ಟೇಪ್ ಸುತ್ತಿ, ಬೇರೆ ಇಡಿ ಅಂದೆ.

ಸಣ್ಣ ಸಾಮಾನಿಗೆ ಅಳತೆ ಇದೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಲ್ಲಿ ಗಂಟಲಿಗೆ ಸಿಕ್ಕುವ ಚೂರು ಇದೆಯಾ ಅಂತ ನೋಡಲು ಪ್ರಯೋಗಾಲಯದಲ್ಲಿ ಬಳಸುವ ಕೊಳವೆಯ ಅಗಲ 31.7 ಮಿಲಿಮೀಟರ್. ಮನೆಯಲ್ಲಿ ಟಿಶ್ಯೂ ರೋಲಿನ ಒಳಗಿನ ರಟ್ಟಿನ ಕೊಳವೆ ಹಿಡಿದುಕೊಂಡರೆ ಸಾಕು. ಅದು ಇನ್ನೂ ಸ್ವಲ್ಪ ಅಗಲ ಇರುತ್ತದೆ, ಅದರಲ್ಲಿ ತೂರುವುದನ್ನೆಲ್ಲಾ ದೂರ ಇಟ್ಟರೆ ನಾವು ಎಚ್ಚರದ ಕಡೆಗೇ ಇದ್ದ ಹಾಗೆ. ಅಡುಗೆ ಸೆಟ್ಟಿನ ಪುಟಾಣಿ ಟೊಮೆಟೊ, ಮೆಣಸಿನಕಾಯಿ ಹೀಗೇ ಹೊರಗೆ ಬಿದ್ದವು.

ತಂದೆ ಐಎಸ್‌ಐ ಗುರುತು ಹುಡುಕುತ್ತಾ ಚನ್ನಪಟ್ಟಣದ ಗೋಪುರವನ್ನೂ ಪಕ್ಕಕ್ಕಿಟ್ಟಿದ್ದರು. 2021ರ ಜನವರಿ 1ರಿಂದ ನಮ್ಮಲ್ಲಿ ಮಾರುವ ಆಟಿಕೆಗಳಿಗೆ ಆ ಗುರುತು ಕಡ್ಡಾಯ, ಸರಿ. ಆದರೆ ಸರ್ಕಾರದಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ಮಾಡಿ ಮಾರುವ ಸಾಮಾನಿಗೆ, ಹಾಗೇ ಜಿಐ ಮಾನ್ಯತೆ (ಇಂಥ ಊರಿನದ್ದೇ ಅನ್ನುವ ಭೌಗೋಳಿಕ ಗುರುತು) ಇರುವ ಸಾಮಾನನ್ನು ಅದರ ಅಧಿಕೃತ ಬಳಕೆದಾರರು ಮಾಡಿದ್ದರೆ ಅದಕ್ಕೆ ವಿನಾಯಿತಿ ಇದೆ. ಚನ್ನಪಟ್ಟಣದ ಆಟಿಕೆಗೆ ಜಿಐ ಇದೆ. ಹಾಲೆ ಮರವನ್ನು ತಿರುಗಣಿಗೆ ಹಾಕಿ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಕೂರುತ್ತದೆ. ನೋಡಲು ಅದೇ ಥರ ಇದ್ದು, ಪೇಂಟ್ ಚಕ್ಕೆ ಚಕ್ಕೆ ಏಳುತ್ತಿದ್ದರೆ ಅದು ಮಗುವಿನ ಬಾಯಿಗೆ ಹೋಗುವ ಸಾಮಾನಲ್ಲ. ಇವರ ಮನೆಯ ಗೋಪುರ ಸರಿಯಾದದ್ದೇ ಇತ್ತು, ಬುಟ್ಟಿಗೆ ವಾಪಸ್ ಬಂತು.

ಅವರೆಕಾಯಿ ಜಗಳ

ಆಗ ಅವರೆಕಾಯಿ ಕಾಲ. ಅಜ್ಜಿ ದಿವಾನಿನ ಮೇಲೆ ಪೇಪರ್ ಹಾಸಿ ಸುಲಿಯಲು ಕೂತರೆ ಪುಟ್ಟಿಗೆ ಆ ಬುಟ್ಟಿ ಮುಂದೆ ಬೇರೆ ಯಾವ ಬುಟ್ಟಿಯೂ ಬೇಡ. ಇಲ್ಲಿ ನನಗೂ ಅಜ್ಜಿಗೂ ಸ್ವಲ್ಪ ಮಾತಾಯಿತು. ಕಡಲೆಕಾಯಿ ಬೀಜ, ಹುಣಸೆ ಬೀಜ, ಇಂಥ ಕಾಳುಗಳು ಉಸಿರುನಾಳಕ್ಕೆ ಹೋಗಿ ಆಸ್ಪತ್ರೆ ಸೇರುವ ಮಕ್ಕಳು ನಮ್ಮಲ್ಲಿ ಅಪರೂಪವಲ್ಲ. ಕಾಳು ಅವಳ ಕೈಗೆ ಬೇಡ ಅಂದೆ.

"ನಮ್ ಮಕ್ಳೆಲ್ಲ ಕಾಳಲ್ಲೇ ಆಡ್ಕೊಂಡು ಬೆಳೆದ್ವು, ಮೇಡಂ."

"ಹೌದು ಅಜ್ಜಿ, ಆದ್ರೆ ಹೆಚ್ಚುಕಮ್ಮಿ ಆದ್ರೆ ಬಗ್ಗಿ ಎತ್ತಿ ಬೆನ್ನು ತಟ್ಟೋಕೆ ನಿಮ್ಮ ಮಂಡಿ ಬಿಡಬೇಕಲ್ಲ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಾವೇ ಕೆಲಸ ಹಂಚಿದರು. ಇಡೀ ಕಾಯಿ ಎತ್ತಿಕೊಡೋದು ಪುಟ್ಟಿ. ಸುಲಿಯೋದು ಅಜ್ಜಿ. ಕಾಳು ಅಜ್ಜಿಯ ಆಚೆ ಕಡೆಯ ಪಾತ್ರೆಗೆ. ಸಿಪ್ಪೆ ಪುಟ್ಟಿಯ ಕೈಗೆ, ಅವಳು ಅದನ್ನು ಮೊರಕ್ಕೆ ಹಾಕೋದು. ಮಧ್ಯೆ ಮಧ್ಯೆ ಒಂದು ಕಾಯಿ ಮೂಸಿ ನೋಡಿ "ವಾಸ್ನೆ" ಅನ್ನುವಳು. "ಸೊಗಡು ಅನ್ನು ಕಂದ." "ಸೊಗಡು." ಹುಳು ಕಂಡರೆ ಇಬ್ಬರದೂ ಒಂದೇ ಕೂಗು. ಒಂದು ಕೆಜಿ ಅವರೆಕಾಯಿ ಮುಗಿಯುವ ತನಕ ಅವಳು ಅಲ್ಲಿಂದ ಕದಲಲಿಲ್ಲ. ಐದು ನಿಮಿಷ ಕೂರಲ್ಲ ಅಂತ ದೂರು ಬಂದ ಮಗು.

ಹಿಟ್ಟಿನ ಕೋಲು ಬಂದದ್ದು ಇದಾದ ಮೇಲೆ. ಅಜ್ಜಿ ಮುದ್ದೆಗೆ ಹಿಟ್ಟು ತೊಳಸುವುದನ್ನು ಪುಟ್ಟಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಲೆ ಹತ್ತಿರ ಬರಕೂಡದು, ಹೊಸಿಲ ಆಚೆ ನಿಂತು ನೋಡಬಹುದು ಅಂತ ಕಟ್ಟಳೆ. ಒಂದು ದಿನ ಸ್ಟೀಲ್ ಡಬ್ಬಿಗೆ ಒಂದು ಮರದ ಸೌಟು ಹಾಕಿ ಗರಗರ ತಿರುಗಿಸುತ್ತಾ, ಮುಖ ಸಿಂಡರಿಸಿ, "ಗಂಟಾಯ್ತು ಅಜ್ಜಿ" ಅಂದಳು. ಡಬ್ಬಿ ಖಾಲಿ. ಇಲ್ಲದ ಹಿಟ್ಟು ಇದೆ ಅಂದುಕೊಂಡು, ಅದು ಗಂಟಾಗಿದೆ ಅಂತಲೂ ಅಂದುಕೊಳ್ಳುವುದು ಈ ವಯಸ್ಸಿಗೆ ದೊಡ್ಡ ಹೆಜ್ಜೆ. ನನ್ನ ನೋಟ್‌ಬುಕ್ಕಿನಲ್ಲಿ ಅಡಿಗೆರೆ ಎಳೆದ ಸಾಲು ಅದೊಂದೇ.

ತಾಯಿಗೆ ಒಂದು ಕಸಿವಿಸಿ ಇತ್ತು. "ಹೆಣ್ಮಗು ಅಂತ ಅಡುಗೆ ಆಟಕ್ಕೇ ಕೂರಿಸ್ದಂಗೆ ಆಗಲ್ವಾ?" ಕೇಳಬೇಕಾದ ಪ್ರಶ್ನೆಯೇ. ಗಂಡು ಮಗುವಾಗಿದ್ದರೂ ಇದೇ ಡಬ್ಬಿ, ಇದೇ ಸೌಟು ಕೊಡಿ ಅನ್ನುತ್ತಿದ್ದೆ. ಮಗು ತನ್ನ ಮುಂದೆ ನಡೆಯುವ ಕೆಲಸವನ್ನು ಆಡುತ್ತದೆ. ಅಪ್ಪ ಮನೆಯಲ್ಲಿ ಏನು ಮಾಡೋದು ಅವಳ ಕಣ್ಣಿಗೆ ಬೀಳುತ್ತೆ ಅಂತ ಕೇಳಿದೆ. ತಂದೆ ನಕ್ಕರು, ಉತ್ತರ ಸಿಕ್ಕಲಿಲ್ಲ. ಆಮೇಲೆ ಅವರೇ ಒಂದು ಕಂಡುಕೊಂಡರು. ರಾತ್ರಿ ಬಂದ ತಕ್ಷಣ ಬ್ಯಾಗ್ ನೆಲಕ್ಕಿಡುವುದು, ಪುಟ್ಟಿ ಜಿಪ್ ಎಳೆದು ಟಿಫಿನ್ ಡಬ್ಬಿ ತೆಗೆಯುವುದು, ಅದನ್ನು ಇಬ್ಬರೂ ಸಿಂಕಿನಲ್ಲಿ ತೊಳೆಯುವುದು, ಅವಳು ಸ್ಟೂಲಿನ ಮೇಲೆ, ಅಪ್ಪ ಹಿಡಿದುಕೊಂಡು. ಆ ಡಬ್ಬಿ ತೊಳೆಯೋದು ಶುರುವಾದ ಮೇಲೆ ಹೊಸ ಸಾಮಾನು ತರುವುದು ತಾನಾಗೇ ಕಮ್ಮಿಯಾಯಿತು. ಮಗುವಿನ ಜೊತೆ ಹೊತ್ತು ಸಿಗದ ಸಂಕಟ ಅವರನ್ನು ಅಂಗಡಿಗೆ ಕರೆದುಕೊಂಡು ಹೋಗುತ್ತಿತ್ತು ಅಂತ ನನ್ನ ಊಹೆ.

ಆದದ್ದು, ಆಗದ್ದು

ಬೆಳಗಿನ ಫೋನು ಬೇಗ ಬಿಟ್ಟುಹೋಯಿತು. ಯಾರೂ ಕಿತ್ತುಕೊಳ್ಳಲಿಲ್ಲ, ಕೇಳುವುದು ತಪ್ಪಿತು. ಸಂಜೆಯ ಟಿವಿ ಉಳಿದಿದೆ, ಅರ್ಧ ಗಂಟೆ. ಅಜ್ಜಿಯ ಧಾರಾವಾಹಿ ಶುರುವಾಗುವ ಮುಂಚೆ ಪುಟ್ಟಿಯ ಕಾರ್ಟೂನು. ಅಜ್ಜಿಗೂ ಒಂದು ಬಿಡುವು ಬೇಡವಾ? ನಾನು ಅದನ್ನು ಮುಟ್ಟಲಿಲ್ಲ.

ಮಧ್ಯಾಹ್ನದ ಊಟಕ್ಕೆ ಫೋನ್ ನಿಲ್ಲಿಸುವುದು ಕಷ್ಟವೇ ಆಯಿತು. ಮೊದಲ ದಿನಗಳಲ್ಲಿ ಎರಡು ತುತ್ತಿಗೇ ಎದ್ದು ಹೋಗುತ್ತಿದ್ದಳು, ಅಜ್ಜಿಯ ಜೀವ ಬಾಯಿಗೆ ಬರುತ್ತಿತ್ತು. "ಮಗು ಸೊರಗೋಗುತ್ತೆ" ಅಂತ ನನ್ನ ಮೇಲೇ ಸಿಟ್ಟು. ತೂಕ ನೋಡುತ್ತಿರೋಣ, ಕಮ್ಮಿಯಾದರೆ ಹೇಳಿ ಅಂತ ಒಪ್ಪಂದ ಮಾಡಿಕೊಂಡೆವು. ಕಮ್ಮಿಯಾಗಲಿಲ್ಲ. ಈಗ ತಾಯಿ ಆ ಹೊತ್ತಿಗೆ ಕಾಲ್ ಇಟ್ಟುಕೊಳ್ಳದೆ ಹೊರಗೆ ಬಂದು ಮಗುವಿನ ಜೊತೆ ಊಟಕ್ಕೆ ಕೂರುತ್ತಾರೆ. ಪುಟ್ಟಿ ಅರ್ಧ ತಾನೇ ತಿಂದು ಅರ್ಧ ಚೆಲ್ಲುತ್ತಾಳೆ.

ಬಾಗಿಲು ತಟ್ಟುವುದು ಪೂರ್ತಿ ನಿಂತಿಲ್ಲ. ಬ್ಲಾಕಿನಲ್ಲಿ ಏನಾದರೂ ಕಟ್ಟಿದರೆ ಅಮ್ಮನಿಗೆ ತೋರಿಸಲೇಬೇಕು. ತಾಯಿ ಒಂದು ಉಪಾಯ ಮಾಡಿದ್ದಾರೆ: ಕಾಲ್ ಇಲ್ಲದಾಗ ಬಾಗಿಲು ತೆರೆದೇ ಇರುತ್ತದೆ, ಹಾಕಿದ್ದರೆ ಕಾಲ್ ಇದೆ ಅಂತ. ಪುಟ್ಟಿಗೆ ಅದು ಅರ್ಧ ಅರ್ಥವಾಗಿದೆ.

ಈ ಏರ್ಪಾಡೆಲ್ಲಾ ಅಜ್ಜಿ ಇದ್ದರೆ ಮಾತ್ರ ನಡೆಯುವಂಥದ್ದು, ಅದೂ ನಿಜ. ಊರಿನ ಹಬ್ಬಕ್ಕೆ ಅವರು ಹೋದ ದಿನಗಳಲ್ಲಿ ತಾಯಿ ರಜ ಹಾಕಬೇಕಾಯಿತು, ಒಂದೆರಡು ಮಧ್ಯಾಹ್ನ ಫೋನೂ ಹೊರಗೆ ಬಂತು. ರಾತ್ರಿ ಊಟದ ಫೋನ್ ಇನ್ನೂ ಹೋಗಿಲ್ಲ. ಅದನ್ನು ಕೊಡುವುದು ಅಜ್ಜಿಯಲ್ಲ, ತಂದೆ. ಒಂಬತ್ತು ಗಂಟೆಗೆ ಸುಸ್ತಾಗಿ ತುತ್ತು ಕೊಡಲು ಕೂತವರಿಗೆ ಏನು ಹೇಳೋದು ಅಂತ ಅವರ ಜೊತೆ ಮಾತು ನಡೆಯುತ್ತಲೇ ಇದೆ.